‘ನಮ್ಮ ನೀರು’ ಅಂದ್ರೆ ಯಾರ ನೀರು? ಬಿಸಿಲೆ ಘಾಟಿಯಿಂದ ಷಷ್ಠಿ ವಿಭಕ್ತಿಯ ಕಥೆ

ಹೈಸ್ಕೂಲಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಪಟ್ಟಿ ಒಂದಿದೆ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಏಳು ವಿಭಕ್ತಿ, ಏಳು ಪ್ರತ್ಯಯ, ಪರೀಕ್ಷೆಯಲ್ಲಿ ಒಂದು ಮಾರ್ಕು. (‘ದೆಸೆಯಿಂದ’ ಅಂತ ಯಾರಾದರೂ ಬಾಯಿಬಿಟ್ಟು ಮಾತಾಡಿದ್ದನ್ನು ನಾವಂತೂ ಕೇಳಿಲ್ಲ, ಇರಲಿ.) ಆ ಪಟ್ಟಿಯಲ್ಲಿ ಆರನೇ ಜಾಗದಲ್ಲಿ ಒಂದೇ ಒಂದು ಅಕ್ಷರವಾಗಿ ಕೂತಿರುವುದು ಷಷ್ಠಿ. ರಾಮ ಹೋಗಿ ರಾಮನ, ಮರ ಹೋಗಿ ಮರದ, ಊರು ಹೋಗಿ ಊರಿನ. ‘ಇದು ಒಡೆತನ ಹೇಳುವ ವಿಭಕ್ತಿ’ ಅಂತ ಒಂದು ಸಾಲು ಬರೆದರೆ ಉತ್ತರ ಮುಗೀತು.

ಆದರೆ ಒಡೆತನ ಒಂದು ಅಕ್ಷರದಲ್ಲಿ ಮುಗಿಯೋ ವಿಷಯಾನಾ? ಇದನ್ನು ನೋಡೋದಕ್ಕೆ ಬಿಸಿಲೆಗಿಂತ ಒಳ್ಳೆ ಜಾಗ ನಮಗೆ ಹೊಳೆಯಲಿಲ್ಲ.

ಬಿಸಿಲೆ ಗೊತ್ತಲ್ಲ, ಸಕಲೇಶಪುರದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿಯಲ್ಲಿ ಸಿಗುವ ಕಾಡು. ಬೈಕ್ ಇರೋ ಬಹಳ ಜನ ಒಂದು ಸಲವಾದರೂ ಹೋಗಿರ್ತಾರೆ. ವ್ಯೂ ಪಾಯಿಂಟಲ್ಲಿ ನಿಂತರೆ ಎದುರಿಗೆ ಕುಮಾರಪರ್ವತದ ಸಾಲು. ಹಾಸನ, ಕೊಡಗು, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳು ಈ ಸುತ್ತಿನಲ್ಲಿ ಒಂದನ್ನೊಂದು ಮುಟ್ಟುತ್ತವೆ. ಅದೇ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ದಿಣ್ಣೆ ಇದೆ. ಅಲ್ಲಿನ ಗುರುತುಕಲ್ಲಿನ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ. ಈ ಕಡೆ ಬಿದ್ದ ಹನಿ ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಮಂಗಳೂರಲ್ಲಿ ಸಮುದ್ರಕ್ಕೆ ಹೋಗುತ್ತದೆ. ಆ ಕಡೆ ಬಿದ್ದದ್ದು ಹೇಮಾವತಿ ಹಿಡಿದು ಕಾವೇರಿಗೆ. ಒಂದೇ ಮೋಡದ ಮಳೆ, ಎರಡು ಸಮುದ್ರ. ನೀರಿನ ಹಾಗೇ ಮಾತೂ ಇಲ್ಲಿ ಕವಲೊಡೆಯುತ್ತದೆ. ಮೇಲೆ ಹಾಸನದ ಕನ್ನಡ, ಘಾಟಿ ಇಳಿದರೆ ತುಳು, ಹವ್ಯಕ ಕನ್ನಡ, ಅರೆಭಾಷೆ, ಪಕ್ಕಕ್ಕೆ ಹೊರಳಿದರೆ ಕೊಡವ ತಕ್ಕ್. ಈ ವಿಷಯ ಆಮೇಲೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಮೊದಲು ಊರು, ಹೊಳೆಗಳ ಹೆಸರನ್ನೇ ನೋಡೋಣ. ಮಂಕನಹಳ್ಳಿಯಲ್ಲಿ ‘ನ’ ಇದೆ, ಮಂಕ ಅನ್ನುವವನ ಹಳ್ಳಿ ಅಂತ ಹೆಸರೇ ಹೇಳೋ ಹಾಗಿದೆ. ಇದೇ ತಾಲ್ಲೂಕಿನ ಎತ್ತಿನಹೊಳೆಯಲ್ಲಿ ‘ಇನ’ ಇದೆ. ಹಳ್ಳಿಗೆ ಮಂಕ ಒಡೆಯನಾಗಿದ್ದರೂ ಇರಬಹುದು, ಆದರೆ ಹೊಳೆಗೆ ಎತ್ತು ಒಡೆಯ ಆಗೋದು ಹೇಗೆ? ಪ್ರತ್ಯಯ ಒಂದೇ, ಸಂಬಂಧ ಬೇರೆ. ಕಾಡುಮನೆ ಹೊಳೆ ನೋಡಿ: ಕಾಡಿಗೂ ಮನೆಗೂ ನಡುವೆ ಪ್ರತ್ಯಯವೇ ಇಲ್ಲ, ಎರಡು ಪದ ಪಕ್ಕಪಕ್ಕ ಇಟ್ಟರೆ ಸಾಕಾಯ್ತು. ಸಕಲೇಶಪುರದಲ್ಲಿ ಸಂಸ್ಕೃತದ ಸಮಾಸ ಷಷ್ಠಿಯನ್ನು ನುಂಗಿ ಹಾಕಿದೆ. ಕೊಡಗಿನ ಕಡೆಯ ಶನಿವಾರಸಂತೆಯಲ್ಲೂ ಅಷ್ಟೆ, ಶನಿವಾರದ ಸಂತೆ ಅನ್ನೋದರಲ್ಲಿ ‘ದ’ ಬಿದ್ದುಹೋಗಿ ಊರಿನ ಹೆಸರಾಯ್ತು.

ಈಗ ನಾವು ದಿನಾ ಆಡುವ ಮಾತಿಗೆ ಬನ್ನಿ. ಮರದ ಕುರ್ಚಿ: ಕುರ್ಚಿ ಮರಕ್ಕೆ ಸೇರಿದ್ದಲ್ಲ, ಮರದಿಂದ ಮಾಡಿದ್ದು. ಡಿಸೆಂಬರಿನ ಚಳಿ: ಕಾಲ. ಎರಡು ಲೀಟರಿನ ಬಾಟಲಿ: ಅಳತೆ. ಕುವೆಂಪು ಅವರ ಪುಸ್ತಕ: ಅವರು ಬರೆದದ್ದೋ, ಅವರ ಕಪಾಟಿನಲ್ಲಿದ್ದದ್ದೋ, ಅವರ ಬಗ್ಗೆ ಇರೋದೋ? ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಅನ್ನೋ ಗಾದೆಯಲ್ಲಿ ಎರಡು ಷಷ್ಠಿ ಇದೆ. ಮೊದಲನೆಯದು ನಿಜವಾದ ಒಡೆತನ, ಎರಡನೆಯದು ಯಲ್ಲಮ್ಮನ ಹೆಸರಿನಲ್ಲಿ ನಡೆಯೋದು. ಗಾದೆಯ ಮಜಾ ಇರೋದೇ ಆ ವ್ಯತ್ಯಾಸದಲ್ಲಿ. ಸಕಲೇಶಪುರ, ಆಲೂರು ಕಡೆಯ ತೋಟದ ಜನ ‘ಆನೆಯ ಭಯ’ ಅಂದಾಗ ಅದು ಆನೆಗೆ ಇರೋ ಭಯ ಅಲ್ಲ, ಆನೆಯಿಂದ ಇವರಿಗೆ ಆಗೋ ಭಯ. ವ್ಯಾಕರಣದ ಪ್ರಕಾರ ಎರಡೂ ಆಗಬಹುದು. ಯಾವ ಅರ್ಥ ಅಂತ ಹೇಳೋದು ಪ್ರತ್ಯಯ ಅಲ್ಲ, ಲೋಕಾನುಭವ.

ಇದು ನಮ್ಮ ಹಿರಿಯ ವೈಯಾಕರಣರಿಗೆ ಚೆನ್ನಾಗಿ ಗೊತ್ತಿತ್ತು. ಪಾಣಿನಿಯ ವ್ಯವಸ್ಥೆಯಲ್ಲಿ ಕಾರಕಗಳು ಆರು: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಇವೆಲ್ಲ ನಾಮಪದವನ್ನು ಕ್ರಿಯಾಪದಕ್ಕೆ ಕಟ್ಟುವ ಕೊಂಡಿಗಳು. ಕಡಿದವನು ಯಾರು, ಏನನ್ನು ಕಡಿದ, ಯಾವುದರಿಂದ ಕಡಿದ, ಹೀಗೆ. ಷಷ್ಠಿಗೆ ಈ ಪಟ್ಟಿಯಲ್ಲಿ ತನ್ನದೇ ಜಾಗ ಇಲ್ಲ, ಯಾಕಂದ್ರೆ ಅದು ಮುಖ್ಯವಾಗಿ ನಾಮಪದವನ್ನು ಇನ್ನೊಂದು ನಾಮಪದಕ್ಕೆ ಕಟ್ಟೋದು. ಹಾಗಾಗಿ ಪಾಣಿನಿ ಅದನ್ನು ‘ಶೇಷ’ಕ್ಕೆ ಬಿಟ್ಟ, ಅಂದರೆ ಬೇರೆ ಎಲ್ಲ ಲೆಕ್ಕ ಮುಗಿದ ಮೇಲೆ ಉಳಿದ ಸಂಬಂಧಗಳಿಗೆ. ಷಷ್ಠಿಗೆ ನೂರೊಂದು ಅರ್ಥ ಅಂತ ಪತಂಜಲಿಯ ಮಹಾಭಾಷ್ಯದಲ್ಲಿ ಮಾತು ಬರುತ್ತದೆ. ‘ಒಡೆತನ ಹೇಳುವ ವಿಭಕ್ತಿ’ ಅನ್ನೋ ಒಂದು ಮಾರ್ಕಿನ ಉತ್ತರ ಆ ನೂರೊಂದರಲ್ಲಿ ಒಂದು ಮಾತ್ರ.

ಕೋಡ್ ಬರೆಯೋರಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದು: ಷಷ್ಠಿ ಅಂದರೆ ಡಾಟ್ ಆಪರೇಟರ್. ‘ಬೈಕ್ ಡಾಟ್ ಇಂಜಿನ್’, ‘ಬೈಕ್ ಡಾಟ್ ಓನರ್’ ಎರಡರಲ್ಲೂ ಅದೇ ಚುಕ್ಕಿ. ಇಂಜಿನ್ ಬೈಕಿನ ಭಾಗ, ಓನರ್ ಬೈಕಿನ ಭಾಗ ಅಲ್ಲ, ಚುಕ್ಕಿಗೆ ಅದರ ಗೊಡವೆ ಇಲ್ಲ. ಕನ್ನಡದಲ್ಲೂ ಬೈಕಿನ ಇಂಜಿನ್, ಬೈಕಿನ ಓನರ್. ‘ಒಡೆಯನ ಹೊಲ’ವನ್ನು ತಿರುಗಿಸಿ ‘ಹೊಲದ ಒಡೆಯ’ ಮಾಡಬಹುದು, ಪ್ರತ್ಯಯ ಹೊಲಕ್ಕೆ ಹೋದರೂ ಹೊಲ ಒಡೆಯನನ್ನು ಕೊಂಡುಕೊಂಡಂತೆ ಆಗೋದಿಲ್ಲ. ಯಾರು ಯಾರನ್ನು ಹೊಂದಿದ್ದಾರೆ ಅನ್ನೋ ಮಾಹಿತಿ ‘ಒಡೆಯ’ ಅನ್ನೋ ಪದದಲ್ಲಿದೆಯೇ ಹೊರತು ‘ಅ’ದಲ್ಲಿ ಇಲ್ಲ.

ಹಾಗಂತ ಈ ‘ಅ’ ಏನೂ ಹೇಳೋದಿಲ್ಲ ಅಂತಲ್ಲ. ಅದಕ್ಕೂ ಪದಕ್ಕೂ ನಡುವೆ ಬರುವ ಆಗಮಗಳು, ಅಂದರೆ ದ, ನ, ಇನ, ಯ, ತುಂಬ ಕಟ್ಟುನಿಟ್ಟು. ಇಂಗ್ಲಿಷಿನಿಂದ ನಿನ್ನೆ ಬಂದ ಪದವೂ ಇವತ್ತು ಆ ಕ್ಯೂನಲ್ಲಿ ನಿಲ್ಲಲೇಬೇಕು. ಬಸ್ಸಿನ, ಲ್ಯಾಬಿನ, ಕಾಲೇಜಿನ, ಆದರೆ ಡೇಟಾದ, ಕ್ಯಾಮರಾದ, ಸಿನಿಮಾದ, ಇತ್ತ ಬ್ಯಾಟರಿಯ. ‘ಬಸ್ಸದ ಟಿಕೆಟ್’ ಅಂತ ಕನ್ನಡಿಗರ ಮಗು ಕೂಡ ಹೇಳೋದಿಲ್ಲ, ಯಾರೂ ಕಲಿಸಿಕೊಟ್ಟಿರೋದೂ ಇಲ್ಲ. ‘ಅ’ಕಾರಕ್ಕೆ ಮುಗಿಯುವ ಪದದಲ್ಲಿ ಇನ್ನೊಂದು ಮಜಾ ಇದೆ. ಮರ ಮರದ ಆಗುತ್ತೆ, ರಾಮ ಮಾತ್ರ ರಾಮನ, ಅಕ್ಕ ಅಕ್ಕನ. ಮನುಷ್ಯರಾದರೆ ‘ನ’, ಇಲ್ಲದಿದ್ದರೆ ‘ದ’. ಹಾಗಾದರೆ ‘ಅಲೆಕ್ಸಾದ ಧ್ವನಿ’ ಅನ್ನಬೇಕೋ, ‘ಅಲೆಕ್ಸಾಳ ಧ್ವನಿ’ ಅನ್ನಬೇಕೋ? ನಮ್ಮ ಸಂಘದಲ್ಲೇ ಎರಡು ಪಾರ್ಟಿ ಇದೆ. ಎಐಗೆ ವ್ಯಕ್ತಿತ್ವ ಇದೆಯೋ ಇಲ್ಲವೋ ಅಂತ ಸೆಮಿನಾರ್ ಮಾಡೋರು ಇದನ್ನೊಂದು ಗಮನಿಸಲಿ.

ಬೇರೆ ಭಾಷೆಗಳಲ್ಲಿ ಈ ಗುರುತು ಬೇರೆ ಕಡೆ ಬೀಳುತ್ತದೆ. ಕನ್ನಡದಲ್ಲಿ ರಾಮನ ಮನೆ, ರಾಮನ ತಂಗಿ, ರಾಮನ ಮಕ್ಕಳು. ಯಾವುದು ಬಂದರೂ ‘ರಾಮನ’ ಅಲುಗಾಡೋದಿಲ್ಲ. ಹಿಂದಿಯಲ್ಲಿ ಎದುರಿಗಿರುವ ಪದದ ಲಿಂಗ, ವಚನ ನೋಡಿ ಕಾ, ಕೀ, ಕೇ ಬದಲಾಗಬೇಕು. ಹಾಸ್ಟೆಲಲ್ಲಿ ನಮ್ಮವರು ‘ಮೇರಾ ಬೆಹನ್’ ಅಂದು ನಗೆಪಾಟಲಾಗೋದು ಇದಕ್ಕೇ. ಪಾರಸಿಯಲ್ಲಿ ಗುರುತು ಒಡೆಯನಿಗಲ್ಲ, ಒಡವೆಗೆ ಅಂಟುತ್ತದೆ. ಹೆದ್ದಾರಿ ಢಾಬಾಗಳ ಬೋರ್ಡಲ್ಲಿ ‘ಶೇರ್-ಎ-ಪಂಜಾಬ್’ ಅಂತ ಓದಿರ್ತೀರಿ, ಪಂಜಾಬಿನ ಸಿಂಹ ಅಂತ ಅರ್ಥ. ಆ ‘ಎ’ ಸೇರಿರೋದು ಸಿಂಹಕ್ಕೆ, ಪಂಜಾಬಿಗಲ್ಲ. ತುರ್ಕಿಯವರು ಯಾಕೆ ಬೇಕು ರಿಸ್ಕು ಅಂತ ಎರಡಕ್ಕೂ ಹಚ್ಚುತ್ತಾರೆ, ‘ಮನೆಯ ಬಾಗಿಲದು’ ಅನ್ನೋ ಥರ.

ಸರಿ, ಷಷ್ಠಿ ಇಷ್ಟು ಸಡಿಲ ಆದರೆ ಕನ್ನಡದಲ್ಲಿ ನಿಜವಾದ ಒಡೆತನ ಹೇಳೋದು ಹೇಗೆ? ಇಂಗ್ಲಿಷಿನ ‘ಹ್ಯಾವ್’ಗೆ ನಮ್ಮಲ್ಲಿ ನೇರವಾದ ಮಾತಿಲ್ಲ. ‘ಹೊಂದಿದ್ದೇನೆ’ ಅನ್ನೋದು ಅನುವಾದದವರು ಸಾಕಿದ ಕ್ರಿಯಾಪದ. ‘ನಾನು ಇಬ್ಬರು ಅಕ್ಕಂದಿರನ್ನು ಹೊಂದಿದ್ದೇನೆ’ ಅಂತ ಮನೆಯಲ್ಲಿ ಹೇಳಿ ನೋಡಿ, ಆ ಅಕ್ಕಂದಿರೇ ಬಂದು ಕೇಳ್ತಾರೆ ಏನಾಯ್ತು ನಿಂಗೆ ಅಂತ. ನಾವು ‘ಇದೆ’ ಅಂತೀವಿ, ಯಾರಿಗೆ ಅಥವಾ ಎಲ್ಲಿ ಅಂತ ಜೊತೆಗೆ ಹೇಳ್ತೀವಿ. ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’, ‘ನನ್ನ ಹತ್ರ ಬೈಕ್ ಇದೆ.’ ಅದಲು ಬದಲು ಮಾಡಿದರೆ ಕೆಡುತ್ತದೆ. ‘ನನ್ನ ಹತ್ರ ಅಕ್ಕ ಇದ್ದಾಳೆ’ ಅಂದರೆ ಅಕ್ಕ ಈಗ ಪಕ್ಕದಲ್ಲಿದ್ದಾಳೆ ಅಂತ ಅರ್ಥ. ‘ನನಗೆ ಜ್ವರ ಇದೆ’ ಸರಿ, ‘ನನ್ನ ಹತ್ರ ಜ್ವರ ಇದೆ’ ಅಂದರೆ ಎಷ್ಟಕ್ಕೆ ಕೊಡ್ತೀಯ ಅಂತ ಕೇಳಬೇಕಾಗುತ್ತೆ. ಬಿಟ್ಟರೂ ಬಿಡದ ನಂಟು, ಮೈಯ ಭಾಗ, ರೋಗ, ಧೈರ್ಯ ಇವಕ್ಕೆ ಚತುರ್ಥಿಯ ‘ಗೆ’. ಕೈ ಬದಲಾಗಬಹುದಾದ ವಸ್ತುವಿಗೆ ‘ಹತ್ರ’. ಮೇಜಿಗೆ ನಾಲ್ಕು ಕಾಲಿವೆ, ಮೇಜಿನ ಹತ್ತಿರ ನಾಲ್ಕು ಕಾಲಿದ್ದರೆ ಅದು ಬೇರೆ ಕೇಸು. ಯುಎಂಎಲ್ ಚಿತ್ರದಲ್ಲಿ ಕಾಂಪೊಸಿಷನ್‌ಗೆ ತುಂಬಿದ ವಜ್ರ, ಅಗ್ರಿಗೇಷನ್‌ಗೆ ಖಾಲಿ ವಜ್ರ ಹಾಕ್ತೀವಲ್ಲ, ಹೆಚ್ಚುಕಡಿಮೆ ಅದೇ ಭೇದ ಇದು. ಕನ್ನಡ ಆ ವಜ್ರವನ್ನು ಷಷ್ಠಿಯಲ್ಲಿ ಬಿಡಿಸದೆ ವಾಕ್ಯದ ಇನ್ನೊಂದು ಮೂಲೆಯಲ್ಲಿ ಬಿಡಿಸಿದೆ ಅಷ್ಟೆ.

ಜಮೀನಿನ ವಿಷಯಕ್ಕೆ ಬಂದರೆ ಈ ಸೂಕ್ಷ್ಮ ಇನ್ನೂ ಬಿಗಿ. ತೋಟ ಇರೋರು ‘ನಮ್ದು ನಾಲ್ಕು ಎಕರೆ ಕಾಫಿ ತೋಟ ಇದೆ’ ಅಂತಾರೆ. ‘ನಮ್ಮ ಹತ್ರ ಮೂರು ತೋಟ ಇದೆ’ ಅನ್ನೋನು ಬಹುಶಃ ಬ್ರೋಕರ್. ಇಷ್ಟಾದರೂ ಸರ್ಕಾರ ನಮ್ಮ ವ್ಯಾಕರಣವನ್ನು ನಂಬೋದಿಲ್ಲ. ಪಹಣಿಯ 9ನೇ ಕಲಮಿನಲ್ಲಿ ಸ್ವಾಧೀನದಾರನ ಹೆಸರು, 12ನೇ ಕಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. ‘ಇದು ಅವನ ಗದ್ದೆ’ ಅನ್ನೋ ಒಂದೇ ಮಾತು ಈ ಎರಡು ಕಲಮಿಗೂ ಹೊಂದುತ್ತದೆ, ಅದೇ ತಾಪತ್ರಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು 7ನೇ ನಮೂನೆಯ ಅರ್ಜಿ ಹಾಕಿಕೊಂಡು ಕೇಳಿದ್ದು ಇದನ್ನೇ: ಉಳುಮೆಯ ‘ಅವನ’ವನ್ನು ಒಡೆತನದ ‘ಅವನ’ವಾಗಿ ಬದಲಿಸಿ ಅಂತ. ‘ಉಳುವವನೇ ಹೊಲದೊಡೆಯ’ ಅನ್ನೋ ಘೋಷಣೆ ಬರೀ ‘ಉಳುವವನ ಹೊಲ’ ಅಂತ ಇದ್ದಿದ್ದರೆ ಅದರಲ್ಲಿ ಕಾನೂನು ಇರುತ್ತಿರಲಿಲ್ಲ. ಅದು ಆಗಲೇ ಎಲ್ಲರೂ ಆಡುತ್ತಿದ್ದ ಮಾತು.

ಅಜ್ಜಿಮನೆ ಅನ್ನೋ ಪದವನ್ನೂ ಇಲ್ಲೇ ನೆನೆಯಬಹುದು. ಬೇಸಿಗೆ ರಜೆ, ಹಲಸಿನ ಹಣ್ಣು ಎಲ್ಲಾ ಆ ಪದದಲ್ಲಿದೆ. ಆದರೆ ಎಷ್ಟು ಅಜ್ಜಿಮನೆಗಳ ಖಾತೆ ಅಜ್ಜಿಯ ಹೆಸರಿನಲ್ಲಿದ್ದವು? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಅಂತ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದದ್ದು 1994ರಲ್ಲಿ, ಕೇಂದ್ರ ತಂದದ್ದು 2005ರಲ್ಲಿ. ಭಾಷೆ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಮನೆಯನ್ನು ಅಜ್ಜಿಗೆ ಬರೆದುಕೊಟ್ಟುಬಿಟ್ಟಿತ್ತು, ಸ್ಟ್ಯಾಂಪ್ ಡ್ಯೂಟಿ ಇಲ್ಲದೆ.

ಈಗ ನೀರಿಗೆ ಬರೋಣ. ಶಾಂತಸಾಗರದ ಫಿಜಿ ದ್ವೀಪದ ಭಾಷೆಯಲ್ಲಿ ‘ನನ್ನ’ ಅನ್ನೋದು ಒಂದೇ ಪದ ಅಲ್ಲ. ಅಪ್ಪ, ತಲೆ ಇಂಥ ನಂಟಿಗೆ ಪ್ರತ್ಯಯ ನೇರವಾಗಿ ಪದಕ್ಕೇ ಅಂಟುತ್ತದೆ. ಉಳಿದ ವಸ್ತುಗಳಿಗೆ ಮೂರು ‘ನನ್ನ’ಗಳಿವೆ: ತಿನ್ನೋದಾದರೆ ‘ಕೇಂಗು’, ಕುಡಿಯೋದಾದರೆ ‘ಮೇಂಗು’, ಮಿಕ್ಕಿದ್ದಕ್ಕೆ ‘ನೋಂಗು’. ಮೀನನ್ನು ತಿನ್ನೋಕೆ ತಂದಿದ್ದರೆ ಒಂದು ‘ನನ್ನ’, ಮಾರೋಕೆ ತಂದಿದ್ದರೆ ಇನ್ನೊಂದು. ನೀರು ಅಂದ್ರೆ ವಾಯ್. ‘ಮೇಂಗು ವಾಯ್’ ಅಂದ ಕೂಡಲೇ ಅದು ಕುಡಿಯೋ ನೀರು ಅಂತ ತೀರ್ಮಾನ ಆಯ್ತು. ಏನಕ್ಕೆ ಬೇಕು ಅಂತ ಹೇಳದೆ ‘ನನ್ನದು’ ಅನ್ನೋಕೆ ಆ ಭಾಷೆ ಬಿಡೋದಿಲ್ಲ.

ಎತ್ತಿನಹೊಳೆಯ ಹೆಸರಿನ ಯೋಜನೆಯನ್ನು ಹೀಗೆ ಫಿಜಿ ಕಿವಿಯಿಂದ ಕೇಳಿದರೆ ಏನಾಗುತ್ತೆ? ಸಕಲೇಶಪುರದ ಕಡೆಯ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರು ಸಹಜವಾಗಿ ಹರಿಯೋದು ಪಶ್ಚಿಮಕ್ಕೆ, ಗುಂಡ್ಯ ಹೊಳೆ, ಕುಮಾರಧಾರಾ ಮೂಲಕ ನೇತ್ರಾವತಿಗೆ. ಅದನ್ನು ಪಂಪ್ ಮಾಡಿ ಘಟ್ಟದ ಮೇಲಕ್ಕೆ ಎತ್ತಿ ಪೂರ್ವಕ್ಕೆ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬರದ ತಾಲ್ಲೂಕುಗಳಿಗೆ ಒಯ್ಯುವ ಯೋಜನೆ ಇದು. ಲೆಕ್ಕ 24.01 ಟಿಎಂಸಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಹೆಸರಿನಲ್ಲೇ ‘ಕುಡಿಯುವ ನೀರಿನ ಯೋಜನೆ’ ಅಂತಿದೆ, ಆದರೆ 24ರಲ್ಲಿ ಸುಮಾರು 14 ಟಿಎಂಸಿ ಕುಡಿಯೋದಕ್ಕೆ, ಉಳಿದದ್ದು ಕೆರೆ ತುಂಬಿಸೋದಕ್ಕೆ. ಫಿಜಿಯಲ್ಲಿ ಇದಕ್ಕೆ ಎರಡು ‘ನಮ್ಮ’ ಬೇಕಾಗುತ್ತಿತ್ತು. ಕನ್ನಡದಲ್ಲಿ ‘ನಮ್ಮ ನೀರು’ ಒಂದೇ ಸಾಕು, ಕೋಲಾರದವರೂ ಅನ್ನಬಹುದು, ಮಂಗಳೂರಿನವರೂ ಅನ್ನಬಹುದು. ಅಂದಿದ್ದಾರೆ ಕೂಡ. ಯೋಜನೆ ಸರಿಯೋ ತಪ್ಪೋ ಅನ್ನೋದನ್ನು ವ್ಯಾಕರಣ ತೀರ್ಮಾನ ಮಾಡೋದಿಲ್ಲ, ಅದಕ್ಕೆ ಸಿವಿಲ್‌ನವರೂ ಪರಿಸರದವರೂ ಇದ್ದಾರೆ. ಆದರೆ ಎರಡೂ ಕಡೆಯವರು ಒಂದೇ ಪದ ಬಳಸಿ ಎರಡು ಬೇರೆ ಮಾತು ಹೇಳ್ತಿದ್ದಾರೆ ಅನ್ನೋದನ್ನು ಮಾತ್ರ ವ್ಯಾಕರಣ ತೋರಿಸಬಲ್ಲದು.

ಯಾಕಂದ್ರೆ ‘ನಮ್ಮ’ದೊಳಗೆ ಇನ್ನೂ ಒಂದು ಗುಟ್ಟು ಇದೆ. ಮಾತು ಕೇಳಿಸಿಕೊಳ್ತಿರೋ ನೀವು ಆ ‘ನಮ್ಮ’ದಲ್ಲಿ ಸೇರಿದ್ದೀರೋ ಇಲ್ಲವೋ? ‘ನಮ್ಮ ಕಾಲೇಜು’ ಅಂತ ಈ ಪತ್ರಿಕೆಯಲ್ಲಿ ಬರೆದರೆ ನೀವೂ ಸೇರಿದ್ದೀರಿ. ‘ನಮ್ಮಮ್ಮ’ ಅಂದರೆ ಸೇರಿಲ್ಲ, ಅದೂ ಒಬ್ಬನೇ ಮಗನಾದರೂ ‘ನಮ್ಮಮ್ಮ’ ಅಂತಲೇ ಅನ್ನೋದು. ‘ನಮ್ಮನೆಯವರು’ ಅಂದರಂತೂ ಗಂಡ ಅಥವಾ ಹೆಂಡತಿ, ಮನೆಯಲ್ಲಿರೋ ಮಿಕ್ಕವರೂ ಸೇರಿಲ್ಲ! ಹಳಗನ್ನಡದಲ್ಲಿ ‘ಎಮ್ಮ’, ‘ನಮ್ಮ’ ಎರಡೂ ರೂಪ ಸಿಗುತ್ತವೆ. ಇವತ್ತಿನ ಬರಹದ ಕನ್ನಡದಲ್ಲಿ ಉಳಿದಿರೋದು ‘ನಮ್ಮ’ ಒಂದೇ.

ಬಿಸಿಲೆಯಿಂದ ಕೆಳಗಿಳಿದು ನೋಡಿ. ತುಳುವಿನಲ್ಲಿ ‘ನಮ್ಮ’ ಅಂದರೆ ನಾನೂ ನೀನೂ ಸೇರಿ, ‘ಎಂಕ್ಲೆನ’ ಅಂದರೆ ನಮ್ಮದು, ನಿನ್ನದಲ್ಲ. ‘ನಮ್ಮ ಕುಡ್ಲ’ ಅಂದರೆ ಕೇಳುವವನಿಗೂ ಆ ಊರಲ್ಲಿ ಜಾಗ ಇದೆ, ‘ಎಂಕ್ಲೆನ ಇಲ್ಲ್’ ಅಂದರೆ ಅತಿಥಿಗೆ ತೋರಿಸುತ್ತಿರುವ ಮನೆ. ಕೊಡವ ತಕ್ಕ್‌ನಲ್ಲಿ ಇದೇ ಜೋಡಿ ‘ನಂಗಡ’ ಮತ್ತು ‘ಎಂಗಡ’. ಕನ್ನಡಕ್ಕೇ ಈ ಭೇದ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ಕರಾವಳಿ, ಕಾಸರಗೋಡು ಕಡೆಯ ಹವ್ಯಕ ಕನ್ನಡದಲ್ಲಿ ‘ಎಂಗಳ’ ಅಂದರೆ ನಿಮ್ಮನ್ನು ಬಿಟ್ಟು, ‘ನಮ್ಮ’ ಅಂದರೆ ನಿಮ್ಮನ್ನೂ ಸೇರಿಸಿ. ತೆಲುಗಿನ ರೂಮ್‌ಮೇಟ್ ಇದ್ದರೆ ಕೇಳಿ ನೋಡಿ, ‘ಮಾ’ ಮತ್ತು ‘ಮನ’ ಅಂತ ತಕ್ಷಣ ಬೇರೆ ಮಾಡಿ ಹೇಳ್ತಾನೆ. ತಮಿಳಿನವನು ‘ಎಂಗ’, ‘ನಮ್ಮ’ ಅಂತಾನೆ. ಚೆನ್ನೈಯವರು ಊರನ್ನು ಹೊಗಳಿ ಬರೆಸಿಕೊಂಡ ‘ನಮ್ಮ ಚೆನ್ನೈ’ ಬೋರ್ಡಿನಲ್ಲಿ ಇರೋದು ಸೇರಿಸಿಕೊಳ್ಳುವ ‘ನಮ್ಮ’. ನಮ್ಮ ಮೆಟ್ರೋ, ನಮ್ಮ ಕ್ಲಿನಿಕ್, ನಮ್ಮ ಯಾತ್ರಿ ಅಂತ ನಾವು ಎಲ್ಲದಕ್ಕೂ ಹಚ್ಚುವ ‘ನಮ್ಮ’ ಯಾವುದು ಅಂತ ಕನ್ನಡ ಮಾತ್ರ ಹೇಳೋದಿಲ್ಲ. ಟಿಕೆಟ್ ಕೌಂಟರಲ್ಲಿ ನಿಂತ ಹೊಸಬ ಅದನ್ನು ಹೇಗೆ ಬೇಕಾದರೂ ಕೇಳಿಸಿಕೊಳ್ಳಬಹುದು.

2022ರ ಜನವರಿಯಲ್ಲಿ ಮೇಕೆದಾಟು ಪಾದಯಾತ್ರೆಯಲ್ಲಿ ‘ನಮ್ಮ ನೀರು ನಮ್ಮ ಹಕ್ಕು’ ಅನ್ನೋ ಘೋಷಣೆ ಕೇಳಿಬಂತು. ಅದು ಕಾವೇರಿಯ ನೀರು, ಅಂದರೆ ಮಂಕನಹಳ್ಳಿ ದಿಣ್ಣೆಯ ಪೂರ್ವದ ಕಡೆಯದು. ಅದೇ ನಾಲ್ಕು ಪದವನ್ನು ಒಂದಕ್ಷರ ಬದಲಿಸದೆ ದಿಣ್ಣೆಯ ಪಶ್ಚಿಮಕ್ಕೆ ತಂದು ಎತ್ತಿನಹೊಳೆಯ ವಿರುದ್ಧವೂ ಕೂಗಬಹುದು, ಪರವಾಗಿಯೂ ಕೂಗಬಹುದು. ಆದರೆ ಅದನ್ನು ತುಳುವಿನಲ್ಲಿ ಬ್ಯಾನರ್ ಮಾಡಬೇಕು ಅಂದುಕೊಳ್ಳಿ. ಬರೆಯೋಕೆ ಕೂತವನು ಮೊದಲನೇ ಪದದಲ್ಲೇ ನಿಲ್ಲಬೇಕಾಗುತ್ತದೆ. ‘ನಮ್ಮ ನೀರ್’ ಅಂತ ಬರೆದರೆ ಬ್ಯಾನರ್ ಓದುತ್ತಿರುವ ಕೋಲಾರದವನಿಗೂ ಅದರಲ್ಲಿ ಪಾಲು ಕೊಟ್ಟ ಹಾಗೆ, ‘ಎಂಕ್ಲೆನ ನೀರ್’ ಅಂತ ಬರೆದರೆ ಇಲ್ಲ ಅಂದ ಹಾಗೆ.